ನಾಲ್ಕನೇ ನಂಬರಿನ ದೋಣಿಯ ಎಡಗಡೆ ಸೀಟು

ಈ ವರ್ಷ ರಜೆಯ ಕುಟೀರಕ್ಕೆ ಒಬ್ಬನೇ ಹೋಗಿ, ದಿಗ್ವಿಜಯ ಮುಗಿಸಿಕೊಂಡು ಬರುವುದಾಗಿ ಕರಡಪ್ಪನವರು ಘೋಷಿಸಿದರು! ಮೂವತ್ತು ವರ್ಷ ಅಚ್ಚಿನ ಕರಡು ತಿದ್ದಿ ನಿವೃತ್ತರಾದವರಿಗೆ ಆ ಹೆಸರು ಅಂಟಿಕೊಂಡುಬಿಟ್ಟಿತ್ತು.

"ಒಬ್ಬರೇನಾ? ನಾನೂ ಬರ್ತೀನ್ರಿ," ಎಂದಳು ಹೆಂಡತಿ.

"ಬೇಡ ಕಣೇ! ಹನ್ನೆರಡು ವರ್ಷ ಆ ಮಹರಾಯನನ್ನ ಮಗು ಥರ ಕರ್ಕೊಂಡ್ ಹೋಗಿ ಕರ್ಕೊಂಡ್ ಬಂದೋನು ನಾನು. ಈಗ ಹೊರೆ ಕಡಿಮೆ!"

ಆ ಮಹರಾಯ, ಗಡಿಯಾರ ರಿಪೇರಿ ಮಾಡುತ್ತಿದ್ದ ಅವರ ಗೆಳೆಯ, ತೀರಿಕೊಂಡು ಐದು ತಿಂಗಳಾಗಿತ್ತು.

ಕುಟೀರದ ಮೇಜಿನ ಮೇಲೆ 'ಹತ್ತಿರದ ಸೌಲಭ್ಯಗಳು' ಎಂಬ ಹಾಳೆ ಇತ್ತು: ಬೇಕರಿ, ಕಾಲುಹಾದಿ, ವೀಕ್ಷಣಾ ಗೋಪುರ, ಕೆರೆಯಲ್ಲಿ ಪೆಡಲ್ ದೋಣಿ. ಬೇಕರಿಯಲ್ಲಿ ಅಭ್ಯಾಸಬಲದಿಂದ ಎರಡು ಬನ್ನು ಕೊಂಡು ಎರಡನ್ನೂ ತಾವೇ ತಿಂದರು. ಗೋಪುರ ಹತ್ತಿ "ಅಗೋ, ನೋಡೋ!" ಎಂದು ಕೈ ಚಾಚಿದರೆ, ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು, ಪಾಪ, ನೋಡಿದಳು. ಉಳಿದದ್ದು ಒಂದೇ: ದೋಣಿಯಲ್ಲಿ ಆಚೆ ದಡ ಮುಟ್ಟುವುದು. ಅಷ್ಟಾದರೆ, ಒಬ್ಬನೇ ಎಲ್ಲ ನಿಭಾಯಿಸಬಲ್ಲೆ ಎಂಬುದಕ್ಕೆ ಮೊಹರು ಬಿದ್ದಂತೆ!

"ನಾಲ್ಕನೇ ನಂಬರಿಂದೇ ಕೊಡಪ್ಪ. ನನ್ನ ಸೀಟು ಎಡಗಡೆ."

"ಸಾರ್, ಒಬ್ರೇ ಆದ್ರೆ ಬಲಗಡೆ..." ದೋಣಿಯವನು ತಡವರಿಸಿದ.

"ನನಗೇ ಹೇಳ್ಕೊಡ್ತೀಯಾ? ಈ ದೋಣಿ ಇಷ್ಟು ವರ್ಷ ನಡೆದದ್ದು ಈ ಕಾಲಿನ ಬಲದಲ್ಲಿ! ಅವನು ಬರೀ ಹಾಡ್ಕೊಂಡು ಕೂತಿರ್ತಿದ್ದ. ತಳ್ಳು!"

ತಳ್ಳಿದ. ಕರಡಪ್ಪನವರು ತುಳಿದರು. ಆಹಾ, ಎಷ್ಟು ಹಗುರ! ಅರವತ್ತೆಂಟರಲ್ಲೂ ಎಂಥ ಕಾಲು! ಇನ್ನೂ ಬಿರುಸಾಗಿ ತುಳಿದರು. ಪೆಡಲು ಗಿರಗಿರನೆ ತಿರುಗಿತು. ದೋಣಿ ಮಾತ್ರ ತಳ್ಳಿದಷ್ಟು ದೂರ ಹೋಗಿ, ಮೇದ ಎಮ್ಮೆಯಂತೆ ನಿಂತುಬಿಟ್ಟಿತು. ಆಮೇಲೆ ಗಾಳಿ ಅದನ್ನು ಹಿಮ್ಮುಖವಾಗಿ ಒಯ್ದು ಜೊಂಡಿನೊಳಗೆ ತುರುಕಿತು. ಬಾತುಕೋಳಿಗಳು ಒಕ್ಕೊರಲಿನಿಂದ ಛೀಮಾರಿ ಹಾಕಿದವು!

"ಬಲಗಡೆ ಸೀಟಿಗೆ ಜರುಗಿ ಸಾರ್!" ದಡದಿಂದ ಕೂಗು ಬಂತು.

ಕರಡಪ್ಪನವರು ಜರುಗಲಿಲ್ಲ. ಆ ಸೀಟಿನ ಮೇಲೆ ಇಟ್ಟಿದ್ದ ಛತ್ರಿಯನ್ನೂ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ದೋಣಿಯವನು ಇನ್ನೊಂದು ದೋಣಿಯಲ್ಲಿ ಬಂದು ಹಗ್ಗ ಕಟ್ಟಿದ.

"ಏನಯ್ಯಾ, ಪೆಡಲ್ ಕೆಟ್ಟಿದೆಯಲ್ಲ!"

"ಎಡಗಡೇದು ಕೆಟ್ಟು ಏಳು ವರ್ಷ ಆಯ್ತು ಸಾರ್."

"ಏಳು ವರ್ಷ! ಮತ್ತೆ ನಾನು ತುಳೀತಿದ್ದದ್ದು?"

"ತುಳೀತಿದ್ರಿ. ಓಡಿಸ್ತಿದ್ದದ್ದು ಅವರು. ಏದುಸಿರು ನಿಮಗೆ ಕೇಳ್ಬಾರ್ದು ಅಂತ ಹಾಡೋರು. ನಾನು ರಿಪೇರಿ ಮಾಡಿಸ್ತೀನಿ ಅಂದಾಗೆಲ್ಲ ಬೇಡ ಅಂದ್ರು. 'ಅವನಿಗೆ ಮಂಡಿ ನೋವು. ತುಳಿಯೋಕಾಗಲ್ಲ ಅಂತ ಗೊತ್ತಾದ್ರೆ ಮುಂದಿನ ವರ್ಷ ಬರೋದೇ ಇಲ್ಲ' ಅಂತಿದ್ರು."

ಕೈಕೆಲಸ ಬಲ್ಲ ಆ ಗೆಳೆಯ ನಿಂತ ಗಡಿಯಾರ ಕಂಡರೆ ಊಟ ಬಿಟ್ಟು ಕೂರುತ್ತಿದ್ದವನು. ಇದೊಂದನ್ನು ಮಾತ್ರ ಮುಟ್ಟಿರಲಿಲ್ಲ.

ಹಗ್ಗ ಬಿಗಿಯಿತು. ದೋಣಿ ಜೊಂಡಿನಿಂದ ಈಚೆ ಬಂತು. ಕರಡಪ್ಪನವರು ನೀರನ್ನೇ ನೋಡುತ್ತ ಕೂತಿದ್ದರು; ಕಾಲು ಮಾತ್ರ ಒಂದೇ ಸಮ ತಿರುಗುತ್ತಿತ್ತು.

"ನಾನು ಎಳೀತಿದೀನಲ್ಲ ಸಾರ್, ಕಾಲು ನಿಲ್ಸಿ."

"ನಿಲ್ಲಿಸೋದು ಹೇಗಪ್ಪಾ?" ಎಂದರು ಕರಡಪ್ಪನವರು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ. "ಅವನ ಜೊತೆ ನಾನು ಮಾಡ್ತಿದ್ದ ಕೆಲಸ ಇದೊಂದೇ!"