ಬಿಸಿಲಿಗಿಟ್ಟ ಚಿಪ್

ಕುತೂಹಲ ಮೇಷ್ಟ್ರ ಹುಟ್ಟುಗುಣ. ಇಲ್ಲದಿದ್ದರೆ, ಬಟ್ಟೆ ಒಣಹಾಕಲು ತಾರಸಿಗೆ ಹೋದವರು ನೀರಿನ ಟ್ಯಾಂಕಿನ ಮೇಲೆ ಬಿದ್ದಿದ್ದ ಆ ಜಿರಲೆಯಂಥ ಕರಿ ವಸ್ತುವನ್ನು ಮುಟ್ಟುತ್ತಲೇ ಇರಲಿಲ್ಲ. ಎರಡು ಸಾಲು ಕಾಲು, ಬೆನ್ನ ಮೇಲೊಂದು ಗಾಜಿನ ಕಿಟಕಿ. ಒಳಗೇನೋ ಮಿನುಗುತ್ತಿತ್ತು.

ಸೀದಾ ಮೂರನೇ ಮಹಡಿಯ ರೇಡಿಯೋ ರಿಪೇರಿ ತಾತನ ಬಳಿಗೆ ಇಳಿದರು, ಮೆಟ್ಟಿಲಲ್ಲೇ. ಬೆಳಿಗ್ಗೆ ಮೆಕ್ಯಾನಿಕ್ ಲಿಫ್ಟ್ ನಿಲ್ಲಿಸಿ, "ವಾರ ಬೇಕು" ಎಂದು ಹೋಗಿದ್ದ. ಆ ರಿಪೇರಿಯೂ ಮೇಷ್ಟ್ರಿಗಾಗಿಯೇ. ಲಿಫ್ಟು ಎಲ್ಲ ಮಹಡಿಯಲ್ಲೂ ನಿಲ್ಲುತ್ತಿತ್ತು, ಅವರ ಐದನೆಯದೊಂದನ್ನು ಬಿಟ್ಟು. ಅವರಿಗೋ ಮಂಡಿನೋವು.

"ಇದು ನಮ್ಮ ಲಿಫ್ಟಿನ ಮಿದುಳು ಕಣ್ರೀ!" ಎಂದರು ತಾತ. "ಮೊದಲೆಲ್ಲಾ ಲೆಕ್ಕಕ್ಕೊಂದು ಚಿಪ್, ನೆನಪಿಗೊಂದು ಚಿಪ್. ಈ ಜಾತಿ ಚಿಪ್‌ಗಳ ಮನೆತನ ಹುಟ್ಟಿದ ಮೇಲೆ ಎಲ್ಲಾ ಒಂದರಲ್ಲೇ."

"ಕಿಟಕಿ ಯಾಕೆ ತಾತಾ?"

"ಇದರ ಅಣ್ಣತಮ್ಮಂದಿರಿಗೆ ಕಾರ್ಖಾನೇಲೇ ಪಾಠ ಕೊರೆದುಬಿಡೋರು. ಸತ್ರೂ ಮರೆಯಲ್ಲ. ಇವನಿಗೆ ಮಾತ್ರ ಕಿಟಕಿ. ಬಿಸಿಲಿಗಿಟ್ರೆ ನಿಧಾನವಾಗಿ ಕಲಿತಿದ್ದೆಲ್ಲಾ ಅಳಿಸಿಹೋಗುತ್ತೆ."

ಮೇಷ್ಟ್ರು ಚಟ್ಟನೆ ಚಿಪ್ಪಿನ ಕಿಟಕಿಗೆ ಹೆಬ್ಬೆರಳು ಒತ್ತಿದರು. ಲಿಫ್ಟಿನ ವಿದ್ಯೆಯೆಲ್ಲ ಬಿಸಿಲುಪಾಲು! ಚಿಪ್ಪನ್ನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ಓಡಿದರು. ಹೆಂಡತಿ ಡಬ್ಬಿ ಕೊಟ್ಟರು. ಕೆಳಮನೆಯ ದರ್ಜಿ ಕರಿಬಟ್ಟೆ ಕೊಟ್ಟ. ಸುದ್ದಿ ಹಬ್ಬಿ, ನೆರೆಹೊರೆಯೆಲ್ಲ ಬಾಗಿಲಿಗೆ ಬಂತು.

"ಒಂದೇ ಒಂದ್ಸಲ ತೆಗೀರಿ, ನೋಡಿ ಕೊಡ್ತೀವಿ."

"ಬೆಳಕು ಬೀಳುತ್ತೆ, ಹೋಗ್ರೀ!" ಮೇಷ್ಟ್ರು ಡಬ್ಬಿ ಸಮೇತ ಕಂಬಳಿಯೊಳಗೆ ಸೇರಿಕೊಂಡರು. ಸೆಖೆಗೆ ಬೆವರಿಳಿದರೂ ಸಂಜೆಯವರೆಗೆ ಹೊರಬರಲಿಲ್ಲ. ಆದರೂ ಒಳಗೆ ಕೂತು, ಅದಕ್ಕೇನೇನು ನೆನಪಿರಬಹುದೆಂದು ಯೋಚಿಸುವುದು ಒಂಥರಾ ಖುಷಿಯಾಗಿಯೇ ಇತ್ತು.

ಸಂಜೆ ಮೆಕ್ಯಾನಿಕ್ ತಾರಸಿಯಿಂದ ಕೂಗುತ್ತಾ ಇಳಿದ. "ಟ್ಯಾಂಕ್ ಮೇಲಿಟ್ಟಿದ್ದ ಚಿಪ್ ಯಾರ್ರೀ ಕದ್ದಿದ್ದು?"

ಮೇಷ್ಟ್ರು ಕಂಬಳಿ ಸರಿಸಿ ಎದ್ದರು. "ಕದ್ದಿದ್ದಲ್ಲಪ್ಪಾ, ಕಾಪಾಡಿದ್ದು! ಅದು ಒಂದಕ್ಷರಾನೂ ಮರೆತಿಲ್ಲ."

ಅವನು ತಲೆ ಚಚ್ಚಿಕೊಂಡ. "ಮರೀಲಿ ಅಂತಾನೇ ಇಟ್ಟಿದ್ದು ಸಾರ್! ಯಾವುದೋ ಬೇರೆ ಕಟ್ಟಡದ ಪಾಠ ಅದರಲ್ಲಿದೆ. ಅಲ್ಲಿ ಐದನೇ ಮಹಡೀಲಿ ಬಾಗಿಲೇ ಇಲ್ಲ. ಅದು ಪೂರ್ತಿ ಅಳಿಸಿದ್ಮೇಲೆ ತಾನೇ ನಿಮ್ಮ ಪಾಠ ಬರೆಯೋದು? ಇನ್ನು ನಾಳೆಯಿಂದ ಮತ್ತೆ ವಾರ."

"ಮತ್ತೆ ವಾರಾನಾ?" ಆರನೇ ಮಹಡಿಯ ದಪ್ಪಮ್ಮ ಮೆಟ್ಟಿಲ ಮೇಲೇ ಕುಸಿದರು. "ಹೇಗೂ ಏನೂ ಮರೆತಿಲ್ವಲ್ಲ, ಇದ್ದ ಹಾಗೇ ಹಾಕಪ್ಪಾ!"

ಎಲ್ಲರ ಕೈಯೂ ಮೇಲೆದ್ದಿತು, ಮೇಷ್ಟ್ರದೊಂದು ಬಿಟ್ಟು. ಮೆಕ್ಯಾನಿಕ್ ಚಿಪ್ಪನ್ನು ಇದ್ದ ಹಾಗೇ ಮತ್ತೆ ಕೂರಿಸಿದ. ಚಿಪ್ ಉಳಿಸಿದ ಪುಣ್ಯಾತ್ಮ ಎಂದು ಹೊಗಳಿ, ಕೆಳಗೆ ಒಂದನೇ ಮಹಡಿಗೆ ಕರೆದೊಯ್ದು ಅವರನ್ನೇ ಮೊದಲು ಲಿಫ್ಟಿಗೆ ಹತ್ತಿಸಿದರು. ಲಿಫ್ಟು ಎರಡರಲ್ಲಿ ನಿಂತಿತು, ಮೂರರಲ್ಲಿ ನಿಂತಿತು, ನಾಲ್ಕರಲ್ಲಿ ನಿಂತಿತು. ಐದನ್ನು ಕಣ್ಣೆತ್ತಿಯೂ ನೋಡದೆ ಆರಕ್ಕೆ ಹೋಯಿತು.

"ನೆನಪಿನ ಶಕ್ತಿ ಅಂದ್ರೆ ಇದು!" ಎಂದರು ಜೊತೆಗೇ ಹತ್ತಿದ್ದ ತಾತ.

ಮೇಷ್ಟ್ರು ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿಯತೊಡಗಿದರು.