ಮಾವ ಹಕ್ಕಿ ಎಣಿಸಿದ್ದು

ಹಕ್ಕಿ ಎಣಿಸಲು ಹೋದವರಿಗೆ ಹಕ್ಕಿ ಸಿಗದ ದಿನ ಉಂಟು, ನಗಲಿಕ್ಕೆ ಏನೂ ಸಿಗದ ದಿನ ಇಲ್ಲ. ನಾನು ಮೂಡುಬಿದಿರೆಯಲ್ಲಿ ವಿಜ್ಞಾನ ಟೀಚರು. ಭಾನುವಾರ ಬೆಳಿಗ್ಗೆ ದುರ್ಬೀನು ನೇತುಹಾಕಿಕೊಂಡು, ಯಾವ ಕಾಡಿನಲ್ಲಿ ಯಾವ ಹಕ್ಕಿ ಅಂತ ಬರೆಯುವುದು ನನ್ನ ಹುಚ್ಚು. ಹೋದ ವರ್ಷ ಈ ಹುಚ್ಚಿಗೆ ಅವಸರದ ಕೆಲಸ ಬಿತ್ತು. ಬೆಳ್ತಂಗಡಿ ಹತ್ತಿರ, ನಾಗನ ಕಲ್ಲಿನ ಸುತ್ತ ಕಾಡು ಬೆಳೆದ ನಮ್ಮ ಕುಟುಂಬದ ನಾಗಬನದ ಮರ ಕಡಿದು, ಕಾಂಕ್ರೀಟ್ ಹಾಕಿ ಟೈಲ್ಸ್ ಕೂರಿಸುವ ಅಂತ ಮನೆಯವರು ಹೊರಟಿದ್ದರು. ಕೊನೆಯ ಮಾತು ಯಜಮಾನರಾದ ನನ್ನ ಸೋದರಮಾವನದ್ದು. "ಮಾವ, ಕಡಿಸುವ ಮೊದಲು ಮೂರು ಭಾನುವಾರ ನನ್ನೊಟ್ಟಿಗೆ ಬನ್ನಿ. ಬೇರೆ ಕಾಡಿನಲ್ಲಿ ಎಷ್ಟು ಹಕ್ಕಿ, ನಮ್ಮ ಬನದಲ್ಲಿ ಎಷ್ಟು ಅಂತ ಎಣಿಸಿ ನೋಡುವ" ಎಂದು ಕೇಳಿಕೊಂಡೆ.

೧. ಅಕೇಶಿಯಾ ತೋಪು

ಮೊದಲು ಬಂಟ್ವಾಳದ ಕಡೆಯ ಒಂದು ಅಕೇಶಿಯಾ ತೋಪಿಗೆ ಹೋದೆವು. ಒಂದು ಗಂಟೆ ನಿಂತದ್ದಕ್ಕೆ ಕಾಗೆ, ಪಿಕಳಾರ, ಒಂದು ಕಾಜಾಣ.

"ಇಷ್ಟೇಯಾ?" ಎಂದರು ಮಾವ.

"ಒಂದೇ ಜಾತಿಯ ಮರ ಮಾವ. ತಿನ್ನಲಿಕ್ಕೆ ಹಣ್ಣಿಲ್ಲ, ಗೂಡಿಗೆ ಪೊಟರೆ ಇಲ್ಲ. ಹಕ್ಕಿಗೆ ಇಲ್ಲಿ ಏನುಂಟು?"

"ನಮ್ಮ ಬಚ್ಚಲಿನ ಹಿಂದೆ ಇದಕ್ಕಿಂತ ಜಾಸ್ತಿ ಉಂಟು ಟೀಚರೇ. ಅಲ್ಲಿ ನಿಂತಿದ್ದರೆ ಬಿಸಿ ಚಾ ಕೂಡ ಸಿಗ್ತಿತ್ತು."

೨. ಘಟ್ಟದ ಬುಡ

ಎರಡನೆಯ ಭಾನುವಾರ ಘಟ್ಟದ ಬುಡದ ದಟ್ಟ ಕಾಡು. ಅಲ್ಲಿ ನಾಲ್ಕಾರು ಜಾತಿಯ ಹಕ್ಕಿಗಳು ಒಂದೇ ಹಿಂಡಾಗಿ ಹುಳ ಹುಡುಕುತ್ತಾ ಬರುತ್ತವೆ. ಬಂದರೆ ನನಗೆ ಕೈಕಾಲೇ ಆಡುವುದಿಲ್ಲ. ನಾನು ದುರ್ಬೀನು ಸರಿಮಾಡುವುದರೊಳಗೆ ಮಾವ ಬರಿಗಣ್ಣಲ್ಲೇ ಶುರುಮಾಡಿದರು. "ಅದಾ, ತಲೆ ಕಪ್ಪು, ಎದೆಗೆ ಬಿಳಿ ಪಟ್ಟಿ, ಹೊಟ್ಟೆ ಕೆಂಪು."

ಕಾಕರಣೆ ಹಕ್ಕಿ. ನಾನು ವರ್ಷಗಟ್ಟಲೆ ಹುಡುಕಿದ್ದು. ಪ್ರಾಯದಲ್ಲಿ ಕೋಳಿ ಅಂಕಕ್ಕೆ ಕಾದಾಡುವ ಹುಂಜ ಆರಿಸಿದ ಕಣ್ಣು ಮಾವನದ್ದು, ಒಮ್ಮೆ ನೋಡಿದರೆ ಸಾಕು, ಪುಕ್ಕ, ಕೊಕ್ಕು, ಕಾಲು ಎಲ್ಲ ಬಾಯಿಪಾಠ. ನನಗೆ ಹೆಮ್ಮೆ ತಡೆಯಲಿಲ್ಲ.

"ಹೇಗುಂಟು ಮಾವ?"

"ಬಣ್ಣ ಮಾತ್ರ. ನಮ್ಮನ್ನು ಕಂಡದ್ದೇ ಬೆನ್ನು ಹಾಕಿ ಕೂತಿದೆ. ಅಂಕಕ್ಕೆ ಆಗುವ ಗಿರಾಕಿ ಅಲ್ಲ."

೩. ನಮ್ಮ ಬನ

ಮೂರನೆಯದು ನಮ್ಮ ಹತ್ತು ಸೆಂಟ್ಸಿನ ಬನ. ಘಟ್ಟದ ಮುಂದೆ ನಾವು ಸೋತರೆ ಮರ ಹೋದ ಹಾಗೆಯೇ ಎಂದು ನನಗೆ ಒಳಗೊಳಗೇ ಹೆದರಿಕೆ. ಊರಿನ ಹಕ್ಕಿಯೂ ಕಾಡಿನ ಹಕ್ಕಿಯೂ ಒಟ್ಟೊಟ್ಟಿಗೇ ಸಿಕ್ಕಿದವು. ಅರ್ಧದಲ್ಲಿ ಮಾವ ಬರೆಸುವುದನ್ನೇ ನಿಲ್ಲಿಸಿದರು. ಕಡಿಯಲು ಗುರುತು ಹಾಕಿದ ದೊಡ್ಡ ಮರದ ಪೊಟರೆ ಮುಚ್ಚಿತ್ತು, ನಡುವೆ ಸಣ್ಣ ಸೀಳು. ದೊಡ್ಡ ಕೊಕ್ಕಿನ ಹಕ್ಕಿ, ಗಂಡು ಮಂಗಟ್ಟೆ, ಹಾರಿ ಬಂದು, ಸೀಳಿನೊಳಗೆ ಹಣ್ಣು ಕೊಟ್ಟು ಹೋಯಿತು.

"ಒಳಗೆ ಯಾರು?"

"ಹೆಂಡತಿ. ಬಾಗಿಲು ಮುಚ್ಚಿಕೊಂಡು ಮೊಟ್ಟೆಗೆ ಕಾವು ಕೊಡ್ತಾಳೆ. ಅವಳ ಊಟ ಗಂಡನ ಜವಾಬ್ದಾರಿ."

ಗಂಡು ಇನ್ನೊಮ್ಮೆ ಹಣ್ಣು ತರುವವರೆಗೆ ಮಾವ ಮರದ ಬುಡದಲ್ಲೇ ಕೂತರು.

ಮರುದಿನ ಮನೆಯವರೆಲ್ಲ ಸೇರಿದರು, ಮರ ಕಡಿಯುವವನೂ ಮೆಷಿನ್ ಹಿಡಿದು ಬಂದ. ನಾನು ಪಟ್ಟಿ ಓದಲು ಎದ್ದರೆ ಮಾವ ಕೈ ಅಡ್ಡ ಹಿಡಿದರು.

"ಎಲ್ಲರೂ ಮೆಲ್ಲ ಮಾತಾಡಿ. ಬನದಲ್ಲಿ ಬಾಣಂತಿ ಇದ್ದಾಳೆ." ಆಮೇಲೆ ಎದೆ ಉಬ್ಬಿಸಿ, "ಘಟ್ಟದಲ್ಲಿ ನಾನು ಕಂಡದ್ದು ಬರೀ ಹಕ್ಕಿ. ನಮ್ಮಲ್ಲಿ ಸಂಸಾರ ಉಂಟು" ಎಂದರು.

ಟೈಲ್ಸ್ ಆರಿಸಿಟ್ಟಿದ್ದ ನನ್ನ ತಮ್ಮ ಬಿಡಲಿಲ್ಲ. "ಆಯ್ತು ಮಾವ, ಮರಿ ಹಾರಿದ ಮೇಲೆ ಕಡಿಯಬಹುದಲ್ಲ?"

ಮಾವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನು ಹುಟ್ಟಿದ ಮೇಲೆ ನಾವು ಮನೆ ಕೆಡವಿದ್ದುಂಟಾ?"