ಪಾಲಿಶ್ ಇಲ್ಲದ ಕಲ್ಲಿಗೆ ಪಣವಾದ ಮೀಸೆ

ಕಲ್ಲಿನ ಬಣ್ಣ ಹೊರಗೆ ತರೋದು ಏನು ಮಹಾ ವಿದ್ಯೆ ಅಂತ ನಾನು ತಿಳಿದಿದ್ದೆ. ಅಂಜನಾಪುರದ ಕಾಲುವೆ ದಂಡೆಯ ಜಲ್ಲಿಯಲ್ಲಿ ಅಗೇಟ್ ಕಲ್ಲು ಆರಿಸೋದು ನನ್ನ ಹವ್ಯಾಸ. ನೀರಲ್ಲಿದ್ದಾಗ ಅದರ ಕೆಂಪು, ಬಿಳಿ, ಜೇನಿನ ಬಣ್ಣದ ಪಟ್ಟೆಗಳು ಕಣ್ಣು ಕುಕ್ಕುತ್ತವೆ. ಶಿಕಾರಿಪುರದ ನಮ್ಮ ಮನೆಗೆ ತಂದು ಒಣಗಿತೋ, ಹಳೇ ಆಲೂಗಡ್ಡೆ!

ಸೊರಬದಲ್ಲಿರುವ ನನ್ನ ಭಾವಮೈದ ಸುರೇಶನಿಗೂ ಇದೇ ಹುಚ್ಚು. ಅವನ ಹತ್ತಿರ ಪಾಲಿಶ್ ಮಾಡುವ ಮಿಷನ್ನೂ ಇದೆ, ಅದರ ಜಂಬವೂ ಇದೆ. "ಪಾಲಿಶ್ ಇಲ್ದೆ ಬಣ್ಣ ಕಾಣಲ್ಲ ಭಾವ" ಅಂದ. ನನಗೆ ರೇಗಿತು.

"ಭಾನುವಾರ ಬಾ. ಮಿಷನ್ ಮುಟ್ಟದೆ ತೋರಿಸ್ತೀನಿ. ಇಲ್ಲಾಂದ್ರೆ ಈ ಮೀಸೆ ಬೋಳಿಸ್ತೀನಿ!"

ಆ ಮೀಸೆ ನನ್ನ ಮದುವೆಗಿಂತ ಹಳೆಯದು.

ಉಪಾಯ ಸರಳ. ಮೇಲಿನ ಸುಣ್ಣದ ಪೊರೆ ಹೋಗಲು ನಿಂಬೆರಸದಲ್ಲಿ ನೆನೆಸುವುದು, ಒಣಗಿಸಿ ಎಣ್ಣೆ ಉಜ್ಜುವುದು. ಜಗಲಿಯಲ್ಲಿ ಕೂತು ನಿಂಬೆಹಣ್ಣು ಹೆಚ್ಚುತ್ತಿದ್ದೆ. ಪಕ್ಕದ ಮನೆಯ, ಕುರಿ ಸಾಕುವ ಹನುಮಕ್ಕ ಗಕ್ಕನೆ ನಿಂತಳು.

"ಇದೇನ್ರೀ, ಕೊಯ್ದ ನಿಂಬೆಹಣ್ಣು, ಕಲ್ಲು, ಎಣ್ಣೆ? ಅದೂ ಅಮಾಸಿ ದಿನ?"

"ಬಣ್ಣ ಬರಿಸ್ತಿದೀನಿ."

"ಯಾರಿಗೆ?"

ಸಂಜೆಗೆ ಅವಳ ಟಗರು ಮೇವು ಬಿಟ್ಟಿತು. ನಾನೇ ಮಾಟ ಮಾಡಿದೆನೆಂದು ಕೇರಿಯೆಲ್ಲ ಗುಸುಗುಸು. ಒಬ್ಬನಂತೂ "ಬಂದಳಿಕೆ ಹಾಳುಗುಡಿಗಳ ಕಡೆ ನಿಧಿ ಏನಾದ್ರೂ ಸಿಕ್ತಾ?" ಅಂತ ನಯವಾಗಿ ವಿಚಾರಿಸಿದ.

ಆದರೆ ಕಲ್ಲು! ಉಳಿದವು ಮಂಕಾಗೇ ಇದ್ದರೂ ಒಂದು ದಪ್ಪನೆಯದು ಎಣ್ಣೆ ಕುಡಿದು ಹಸಿ ಕೆಂಪಾಗಿ ಎದ್ದಿತ್ತು. ನೋಡಿ ನನಗೇ ಕಣ್ಣು ತುಂಬಿತು.

ಶನಿವಾರ ನನ್ನ ಹೆಂಡತಿ ಸರೋಜ ಫೋನಿನಲ್ಲಿ ತಮ್ಮನ ಜೊತೆ ಪಿಸುಗುಟ್ಟಿ ನಗುತ್ತಿದ್ದಳು. ನನಗೆ ಅನುಮಾನ. ತವರಿನ ಅಭಿಮಾನಕ್ಕೆ ಕಲ್ಲನ್ನು ಸೋಪು ಹಾಕಿ ತೊಳೆದುಬಿಟ್ಟರೆ? ಮನೆಯೊಳಗಿನ ಶತ್ರುವನ್ನು ನಂಬಬಾರದು. ಕಲ್ಲನ್ನು ಒಯ್ದು ಹಿತ್ತಲಾಚೆಯ ಬೇವಿನ ಮರದ ಬುಡದಲ್ಲಿಟ್ಟು, ಒಣಗದಿರಲೆಂದು ಇನ್ನಷ್ಟು ಎಣ್ಣೆ ಸುರಿದೆ. ಅಲ್ಲಿ ಯಾರು ನೋಡುತ್ತಾರೆ?

ಭಾನುವಾರ ಬೆಳಿಗ್ಗೆ ಕೇರಿಗೆ ಕೇರಿಯೇ ನೋಡುತ್ತಿತ್ತು. ಕಲ್ಲಿಗೆ ಅರಿಶಿನ, ಅದರ ಮೇಲೆ ಕುಂಕುಮ, ಹೂವು, ಊದುಬತ್ತಿ!

"ಅಮ್ಮ ಬಂದು ಬೇವಿನ ಬುಡದಾಗೆ ಕುಂತಾಳ್ರೀ! ನನ್ ಟಗರು ಎದ್ದು ಹುಲ್ಲು ತಿಂತು!" ಅಂದಳು ಹನುಮಕ್ಕ.

ಕಲ್ಲು ನಂದು ಅನ್ನಲು ಬಾಯಿ ತೆರೆದೆ. ಸರೋಜ ಚಿವುಟಿದಳು. "ಸುಮ್ನಿರಿ! ಇಟ್ಟಿದ್ದು ನೀವೇ ಅಂದ್ರೆ ಮಾಟಾನೂ ನಿಮ್ದೇ ಅಂತ ಕಂಬಕ್ಕೆ ಕಟ್ತಾರೆ."

ಬಾಯಿ ಮುಚ್ಚಿದೆ. ಕೈ ಮುಗಿದೆ.

ಅಷ್ಟರಲ್ಲಿ ಸುರೇಶ ಬಂದ. "ಎಲ್ಲಿ ಭಾವ, ಬಣ್ಣ?"

"ಅಲ್ಲಿದೆ. ಕುಂಕುಮದ ಕೆಳಗೆ."

"ಒರೆಸಿ ತೋರಿಸಿ."

ಒರೆಸುವುದೇ! ಹನುಮಕ್ಕನ ಕೈಯಲ್ಲಿ ಕುರಿ ಕಾಯುವ ಕೋಲಿತ್ತು.

ಕೊಟ್ಟ ಮಾತು ಕೊಟ್ಟ ಮಾತೇ. ಸಂಜೆ ಕಟಿಂಗ್ ಶಾಪಿನಿಂದ ಬೋಳು ತುಟಿಯಲ್ಲಿ ಬರುವಾಗ ಹನುಮಕ್ಕ ಎದುರಾದಳು. ಅನುಮಾನದಿಂದ ನನ್ನ ಮುಖ ನೋಡಿದಳು, ಆಮೇಲೆ ಕರಗಿದಳು.

"ಮಾಡಿದ್ದು ತಪ್ಪಾತು ಅಂತ ಅಮ್ಮಗೆ ಮುಡಿ ಕೊಟ್ರಾ? ಒಳ್ಳೇದಾತು. ಆದ್ರೆ ಬರೀ ಮೀಸೆ ಕೊಟ್ರೆ ಅಮ್ಮ ಒಪ್ಪಲ್ರೀ. ತಲೇನೂ ಬೋಳಿಸ್ಬೇಕು!"

ಒಲ್ಲೆ ಅಂದರೆ ಮತ್ತೆ ಮಾಟಗಾರನಾಗಬೇಕು. ಮಾರನೆಯ ದಿನ ಬೇವಿನ ಬುಡದಲ್ಲೇ ಬೋಳಿಸಿಕೊಂಡೆ. ಉರಿಗೆ ಸರೋಜ ಎಣ್ಣೆ ಹಚ್ಚಿದಳು. ಪಾಲಿಶ್ ಇಲ್ಲದೆ ನಮ್ಮ ಕೇರಿಯಲ್ಲಿ ಈಗ ಹೊಳೆಯುತ್ತಿರುವುದು ನನ್ನ ತಲೆ ಒಂದೇ!